ಮೂವತ್ತೊಂದನೇ ರೆಕಾರ್ಡಿಂಗ್

“ನಿಲ್ಲಿ! ಒಂದು ಹೆಜ್ಜೆ ಮುಂದಿಟ್ರೂ ನಾನು ಸುಮ್ನಿರಲ್ಲ!”

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅವನು ಒಂದು ಕಾಲೆತ್ತಿಕೊಂಡೇ ನಿಂತ. ಜೇಬಿನಿಂದ ಬೀಗದ ಕೈ ಗೊಂಚಲು ಇಣುಕುತ್ತಿತ್ತು. ಒಳಗಿದ್ದ ಯಂತ್ರದ ಅಯಸ್ಕಾಂತಕ್ಕೆ ಅಷ್ಟು ಸಾಕಿತ್ತು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಗೊಂಚಲು ಗುಂಡಿನಂತೆ ಹಾರುತ್ತಿತ್ತು.

“ಈಗ ಕಾಲು ಕೆಳಗಿಡ್ಲಾ ಹೆಡ್‌ಮಿಸ್?” ಎಂದು ನಕ್ಕ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ! ಅವಳೂ ನಕ್ಕುಬಿಟ್ಟಳು.

ಅವಳು ಖಿನ್ನತೆಯ ರೋಗಿಗಳ ಮೆದುಳಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಹೊಸದಾಗಿ ಸೇರಿದ ಅವನದು ನಿದ್ರೆಯ ಮೇಲೆ ಸಂಶೋಧನೆ. ಹಾಗಾಗಿ ಲ್ಯಾಬಿನಲ್ಲಿ ಎಲ್ಲರಿಗೂ ಅವನು ‘ನಿದ್ದೆ ಸಾಹೇಬ’. ಆರು ತಿಂಗಳಲ್ಲಿ ಬಹುವಚನ ಹೋಗಿ ಏಕವಚನ ಬಂತು, ಇಬ್ಬರ ಊಟದ ಡಬ್ಬಿ ಒಂದೇ ಬೆಂಚಿನ ಮೇಲೆ ತೆರೆದುಕೊಂಡಿತು. ಮನಸ್ಸಿನ ಮಾತು ಮಾತ್ರ ಇಬ್ಬರ ಗಂಟಲಲ್ಲೂ ಸಿಕ್ಕಿಕೊಂಡೇ ಇತ್ತು.

ಆಸ್ಪತ್ರೆಯಿಂದ ರೋಗಿಗಳ ಸಂದರ್ಶನದ ರೆಕಾರ್ಡಿಂಗ್‌ಗಳು ಅವಳಿಗೆ ಬರುತ್ತಿದ್ದವು. ಹೆಸರಿಲ್ಲ, ಬರೀ ಸಂಖ್ಯೆ. ಕೇಳಿ, ಖಿನ್ನತೆ ಎಷ್ಟು ತೀವ್ರವೆಂದು ಅಂಕ ಕೊಡುವುದು ಅವಳ ಕೆಲಸ. ಪರಿಚಯದವರ ಧ್ವನಿಯಾದರೆ ಅಲ್ಲಿಗೇ ನಿಲ್ಲಿಸಿ ಗೈಡ್ ಮೇಡಂಗೆ ತಿಳಿಸಬೇಕು. ಸೇರಿದ ಮೊದಲ ದಿನವೇ ಕಲಿಸುವ ನಿಯಮ ಅದು.

ಒಂದು ಸೋಮವಾರ ಬೆಳಿಗ್ಗೆ ಮೂವತ್ತೊಂದನೆಯದನ್ನು ಹಾಕಿದಳು.

“ಹಲ್ಲುಜ್ಜೋಕೂ ಆಗ್ತಿರ್ಲಿಲ್ಲ ಡಾಕ್ಟ್ರೇ... ಬ್ರಷ್ ಹಿಡ್ಕೊಂಡು ಸುಮ್ನೆ ನಿಂತಿರ್ತಿದ್ದೆ.”

ಅವನು! ಅವನದೇ ಧ್ವನಿ!

ನಿಲ್ಲಿಸುವ ಗುಂಡಿಯ ಮೇಲೆಯೇ ಬೆರಳಿತ್ತು. ಒತ್ತಲಿಲ್ಲ. ಇನ್ನೊಂದು ನಿಮಿಷ... ಇನ್ನೊಂದೇ ನಿಮಿಷ...

“ಲ್ಯಾಬಲ್ಲಿ ಒಬ್ಬಳಿದ್ದಾಳೆ. ಅವಳಿಗೆ ಇದನ್ನ ನಾನೇ ಹೇಳ್ಬೇಕು. ಇಲ್ದಿದ್ರೆ ಅವಳ ಪಾಲಿಗೆ ನಾನೂ ಇನ್ನೊಂದು ಕೇಸ್ ಆಗ್ಬಿಡ್ತೀನಿ.”

ನಲವತ್ತು ನಿಮಿಷವನ್ನೂ ಕೇಳಿದಳು. ಅಂಕ ಹಾಕುವ ಹಾಳೆಯ ಕೊನೆಯಲ್ಲಿ ಎಂದಿನ ಪ್ರಶ್ನೆ ಇತ್ತು: ಈ ವ್ಯಕ್ತಿ ನಿಮಗೆ ಪರಿಚಿತರೇ?

ಹೌದೆಂದರೆ ಅವನ ಗುಟ್ಟು ಮೇಡಂ ಮುಂದೆ ಬಯಲಾಗುತ್ತದೆ. ಕದ್ದು ಕೇಳಿದ ತನ್ನ ಬಂಡವಾಳವೂ ಬಯಲಾಗುತ್ತದೆ. ‘ಅಲ್ಲ’ ಎಂದು ಬರೆದು ಸಹಿ ಹಾಕಿದಳು.

ಎರಡು ದಿನ ಬಿಟ್ಟು ಅವನು ಬಂದ.

“ನಿನ್ ಹತ್ರ ಒಂದು ವಿಷ್ಯ ಹೇಳ್ಬೇಕಿತ್ತು.”

“ಈಗ ಆಗಲ್ಲ, ತುಂಬಾ ಕೆಲ್ಸ ಇದೆ.”

ಹಾಗೆ ಮೂರು ಸಲ ಆಯಿತು. ನಾಲ್ಕನೇ ಸಲ ಅವನು ಬರಲೇ ಇಲ್ಲ. ತಿಂಗಳಾಗುವಷ್ಟರಲ್ಲಿ ಊರಿನ ಇನ್ನೊಂದು ತುದಿಯ ಲ್ಯಾಬಿಗೆ ಸೇರಿಕೊಂಡ. ಮೆದುಳಿನ ಮೂಲೆಮೂಲೆ ಬಲ್ಲ ಹುಡುಗಿಗೆ, ಎದುರು ನಿಂತವನ ಮನಸ್ಸು ಮುರಿದದ್ದು ತಿಳಿಯಲಿಲ್ಲ ಎಂದರೆ ಏನು ಹೇಳೋಣ!

ಒಂದೂವರೆ ವರ್ಷ ಕಳೆಯಿತು. ಥೀಸಿಸ್ ಸಲ್ಲಿಸುವ ವಾರ, ‘ಎಲ್ಲ ನಿಯಮ ಪಾಲಿಸಿದ್ದೇನೆ’ ಎಂಬ ಹಾಳೆಗೆ ಸಹಿ ಹಾಕಲು ಅವಳಿಗೆ ಕೈ ಬರಲಿಲ್ಲ. ಮೇಡಂ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟಳು.

“ಇನ್ನು ನಿನ್ನ ಅಂಕಗಳನ್ನ ಹೇಗಮ್ಮ ನಂಬೋದು?” ಎಂದರು ಮೇಡಂ. “ಎಲ್ಲಾನೂ ಬೇರೆಯವರು ಮತ್ತೆ ಕೇಳ್ಬೇಕು. ಇನ್ನೊಂದು ವರ್ಷ ಹೋಯ್ತು ಅಂದ್ಕೋ. ಆ ಹುಡುಗನಿಗೆ ವಿಷ್ಯ ತಿಳಿಸಿ ನಾನು ಪತ್ರ ಬರೀಲೇಬೇಕು.”

“ಅದಕ್ಕೆ ಮುಂಚೆ ನಾನೇ ಹೋಗಿ ಹೇಳ್ಲಾ ಮೇಡಂ?”

“ಹೋಗು. ಆವತ್ತೇ ಹೋಗ್ಬೇಕಿತ್ತು.”

ಅವನ ಲ್ಯಾಬಿನ ಹೊರಗೆ, ಪ್ಲಾಸ್ಟಿಕ್ ಕುರ್ಚಿಗಳ ಸಾಲಿನ ಮುಂದೆ ನಿಂತು ಅವಳು ಒಂದೂ ಬಿಡದೆ ಹೇಳಿದಳು. ಅವನು ಸೊರಗಿಹೋಗಿದ್ದ.

“ನಂಗೆ ಗೊತ್ತಿತ್ತು,” ಎಂದ ತಣ್ಣಗೆ. “ಆಸ್ಪತ್ರೆಯವರು ಕೊಟ್ಟ ನಂಬರ್ ನಂಗೆ ಗೊತ್ತಿರಲ್ವಾ? ನಾಲ್ಕನೇ ಸಲ ನಿನ್ ಹತ್ರ ಬರೋಕೆ ಮುಂಚೆ, ಲ್ಯಾಬಲ್ಲಿ ಫೈಲ್ ಜೋಡಿಸ್ತಾ ನಿನ್ ಸಹಿ ನೋಡ್ದೆ. ಪಕ್ಕದಲ್ಲಿ ‘ಪರಿಚಿತರೇ? ಅಲ್ಲ’ ಅಂತಿತ್ತು.”

ಅವಳು ಪಕ್ಕದ ಕುರ್ಚಿಯನ್ನು ಹಿಡಿದುಕೊಂಡಳು.

“ಕಾಯಿಲೆ ಗೊತ್ತಾದ ತಕ್ಷಣ, ಇವನು ಯಾರೋ ನಂಗೆ ಗೊತ್ತೇ ಇಲ್ಲ ಅಂದ್ಬಿಟ್ಲು ಅಂದ್ಕೊಂಡೆ...”

“ಅಯ್ಯೋ, ಇಲ್ಲ ಕಣೋ! ನಿನ್ ಗುಟ್ಟು ಕಾಪಾಡ್ತಿದೀನಿ ಅಂದ್ಕೊಂಡೆ. ನನ್ ಮರ್ಯಾದೆ ಉಳಿಸ್ಕೊಳ್ಳೋದೂ ಇತ್ತು, ಸುಳ್ಳು ಹೇಳಲ್ಲ. ನೀನು ಹೇಳೋಕೆ ಬಂದಾಗ ಏನೂ ಗೊತ್ತಿಲ್ದವಳ ಹಾಗೆ ನಾಟಕ ಆಡೋಕೆ ಆಗ್ಲಿಲ್ಲ. ನಿನ್ನ ಪ್ರೀತಿಸ್ತಿದ್ದೆ... ಈಗ್ಲೂ ಅಷ್ಟೇ.”

ಅವನು ಲ್ಯಾಬಿನ ಬಾಗಿಲು ಮುಂದೆ ಮಾಡಿ ಬಂದ.

“ಹೋದ ವರ್ಷ ಕಾಯಿಲೆ ಮತ್ತೆ ಬಂದಿತ್ತು. ಎರಡು ತಿಂಗಳು ಅಕ್ಕನ ಮನೇಲಿದ್ದೆ. ದಿನಾ ನಿನ್ ನಂಬರ್ ತೆಗೆದು ನೋಡಿ ಫೋನ್ ಕೆಳಗಿಡ್ತಿದ್ದೆ.”

ಆ ಎರಡು ತಿಂಗಳು ತಾನೇನು ಮಾಡುತ್ತಿದ್ದೆ? ಯಾರ್‍ಯಾರದೋ ದುಃಖ ಕೇಳಿ ಅಂಕ ಹಾಕುತ್ತಿದ್ದೆ! ಆ ದಿನಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

“ಕ್ಷಮಿಸು ಅನ್ನೋಕೂ ನಾಚ್ಕೆ ಆಗುತ್ತೆ ಕಣೋ.”

“ಕೂತ್ಕೋ.” ಅವನು ಒಂದು ಕುರ್ಚಿ ಎಳೆದ. “ಮೊದಲಿಂದ ನಾನೇ ಹೇಳ್ತೀನಿ. ಗೊತ್ತಿರೋದೇ ಆದ್ರೂ ಕೇಳು.”

ಅವಳು ಕೂತು ಅವನ ಕೈ ಹಿಡಿದುಕೊಂಡಳು.

“ಮಧ್ಯೆ ಅಳ್ಬಾರ್ದು.”

“ಅಳ್ತೀನಿ. ನೀನು ನಿಲ್ಲಿಸ್ಬೇಡ.”