ತಗಡಿನ ಹಿಂಬದಿ

೧೯೯೮ರ ಮಾರ್ಚ್ ೪, ಬೆಳಿಗ್ಗೆ ೧೦.೪೦. ದಾವಣಗೆರೆಯ ಹತ್ತಿ ವ್ಯಾಪಾರಿ ನಾಗಭೂಷಣ್ ಠಾಣೆಗೆ ಬಂದು ದೂರು ಕೊಟ್ಟರು. ಮುನ್ನೂರು ವರ್ಷದ ಹಿಂದೆ ಡಚ್ ಕುಶಲಕರ್ಮಿಯೊಬ್ಬ ಹಡಗಿನ ಚಿತ್ರ ಕೆತ್ತಿದ ತಾಮ್ರದ ತಗಡು ಅವರ ಮನೆಯಲ್ಲಿತ್ತು. ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಚಿತ್ರ ಮೂಡುವಂಥದ್ದು; ಕಾಗದದಲ್ಲಿ ನೆಟ್ಟಗೆ ಬರಲೆಂದು ತಗಡಿನ ಮೇಲೆ ಎಲ್ಲವನ್ನೂ ತಿರುವಿ ಕೆತ್ತಿರುತ್ತಾರೆ. ಮೊನ್ನೆ ಒತ್ತಿಸಿದಾಗ ಹಡಗೇನೋ ಸರಿಯಾಗಿ ಬಂತು, ಕೆಳಗಿನ ಅಕ್ಷರಗಳು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದವು. ಯಾರೋ ಅಸಲನ್ನು ಒಯ್ದು ನಕಲು ಇಟ್ಟಿದ್ದರು.

ಅವರ ಅನುಮಾನ ಮನೆಗೆಲಸದ ಓಬವ್ವನ ಮೇಲೆ. ಸಂಜೆಯೊಳಗೆ ಅವಳನ್ನು ಹಿಡಿಯಬೇಕೆಂದು ಪಟ್ಟು ಹಿಡಿದರು. ಬಡವರತ್ತ ಬೆರಳು ತೋರಿಸುವುದು ಎಷ್ಟು ಸಲೀಸು ಎಂದುಕೊಳ್ಳುತ್ತ ಇನ್‌ಸ್ಪೆಕ್ಟರ್ ಕರಿಬಸವರಾಜ ಎಫ್‌ಐಆರ್ ದಾಖಲಿಸಿದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಠಾಣೆಯೇ ಮನೆಯಾಗಿತ್ತು.

ನಾಗಭೂಷಣರ ಮನೆಯಲ್ಲಿ ಪಂಚನಾಮೆಯ ವೇಳೆ ಓಬವ್ವ ಅಳುತ್ತಲೇ ತಗಡನ್ನು ಮಗುಚಿದಳು.

"ಶಿವರಾತ್ರಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ನಿರಿ. ಹಿಂದೆ ಸುತ್ತಿಗೆ ಏಟಿನ ತಗ್ಗು ಇದ್ವು. ಇದು ನುಣ್ಣಗೈತೆ."

ಅಂದರೆ ಕಳವಾಗಿ ವಾರವಷ್ಟೆ. ಆ ವಾರ ಮನೆಗೆ ಬಂದವರು ಯಾರೆಂದು ಕೇಳುತ್ತ ಕರಿಬಸವರಾಜ ನೀರಿನ ಚೊಂಬು ಎತ್ತಿದರು. ಅದರ ಮೇಲೆ ಮನೆಮಗಳು ಸ್ನೇಹಾಳ ಹೆಸರು, ಮದುವೆಯ ತಾರೀಖು, ಉಳಿಯಲ್ಲಿ ನೆಟ್ಟಗೆ ಕೆತ್ತಿದ್ದು. ಮದುವೆ ಪಾತ್ರೆಗಳಿಗೆ ಹೆಸರು ಹಾಕಿ ಆ ವಾರವೇ ತಂದುಕೊಟ್ಟವನು ಹರಿಹರದ ಜಂಬಯ್ಯ.

ಸಂಜೆ ೪.೧೫ಕ್ಕೆ ಕಾನ್‌ಸ್ಟೇಬಲ್ ಮಾಳಿಂಗಪ್ಪನೊಡನೆ ಅವರು ಹರಿಹರ ತಲುಪಿದರು. ಒಂದೇ ಕೋಣೆಯ ಮನೆ. ಒಂದು ಮಣೆಯ ಮೇಲೆ ಜಂಬಯ್ಯ, ಎದುರಿನ ಮಣೆಯ ಮೇಲೆ ನೆಂಟನ ಹಾಗೆ ಆ ತಗಡು. ಓಬವ್ವನ ಮೇಲೆ ಅಪವಾದ ಬಂದಿದೆ ಎಂದೊಡನೆ ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ದೀಪಾವಳಿಯಲ್ಲಿ ಅದೇ ಮನೆಯ ಕೆಲಸಕ್ಕೆ ಹೋದಾಗ ಅಚ್ಚು ತೆಗೆದುಕೊಂಡು, ಮೂರು ತಿಂಗಳು ಕೂತು ನಕಲು ಕೆತ್ತಿದ್ದ; ಪಾತ್ರೆ ಕೊಡಲು ಹೋದ ದಿನ ಅದನ್ನಿಟ್ಟು ಅಸಲನ್ನು ತಂದಿದ್ದ.

"ಅಕ್ಷರ ಯಾಕ ನೆಟ್ಟಗೆ ಹಾಕಿದಿ?" ಕರಿಬಸವರಾಜ ಕೇಳಿದರು.

"ಮೂವತ್ತು ವರ್ಷ ಚೊಂಬಿನ ಮ್ಯಾಲೆ ಹೆಸರು ಬರೆದ ಕೈ ರೀ. ತಾನೇ ಹೋತು."

"ಮಾರಾಕ ಒಯ್ದಿದ್ದೇನು?"

ಜಂಬಯ್ಯ ತಗಡು ಮಗುಚಿ ತಗ್ಗುಗಳ ಮೇಲೆ ಬೆರಳಾಡಿಸಿದ.

"ಇಲ್ರಿ. ಇದನ್ನ ಕೆತ್ತಿದವ ಉಳಿ ಜಾರಿದಲ್ಲಿ ಗೀರು ಕೆರೆದು, ಹಿಂದಿನಿಂದ ತಟ್ಟಿ ತಾಮ್ರ ಎಬ್ಬಿಸ್ಯಾನೆ. ಏಳು ಕಡೆ ತಪ್ಪ್ಯಾನೆ. ನಾನೂ ಹಂಗೇ ತಿದ್ದೋದು. ಅಂಗಡಿಗೆ ಹೆಸರು ಹಾಕೋ ಮಷಿನ್ ಬಂದ ಮ್ಯಾಲೆ ಈ ಕೆಲಸ ತಿಳಿದೋರು ಇವನೊಬ್ಬನೇ ನನ್ನ ಹತ್ರ ಇದ್ದ."

ಕರಿಬಸವರಾಜರಿಗೆ ಸಂಕಟವಾಯಿತು. ಕಾನೂನಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ೫.೩೦ಕ್ಕೆ, ಮನೆಗಳವಿನ ಕಲಂ ೩೮೦ರ ಅಡಿ ದಸ್ತಗಿರಿ ಆಯಿತು.

ಜೀಪು ಹತ್ತುವಾಗ ಜಂಬಯ್ಯ ಒಂದೇ ಮಾತು ಕೇಳಿಕೊಂಡ. "ಓಬವ್ವಗೆ ಹೇಳ್ರಿ, ಈ ತಗಡಿಗೆ ಹುಣಸೆಹಣ್ಣು ಬ್ಯಾಡ. ಗೆರೆ ಸವೀತಾವೆ."

ಬೇಕಿಲ್ಲದಿದ್ದರೂ ಕರಿಬಸವರಾಜ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.