ಕನವರಿಕೆ ಪರೀಕ್ಷೆ

ಬೆಳಗಿನ ಗಂಟೆ ಬಾರಿಸಿದ್ದೇ ತಡ, ಬಿ.ಎಸ್ಸಿ. ಅಂತಿಮ ವರ್ಷದ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮ ತಮ್ಮ ಮಂಚಗಳ ಮೇಲೆ ಉರುಳಿದರು. ಜವಾನ ಕಿಟಕಿಯ ಪರದೆ ಎಳೆದ. ಸ್ವಲ್ಪ ಹೊತ್ತಿಗೆ ಮೊದಲ ಗೊರಕೆ ಕೇಳಿಸಿತು. ಹಾಜರಿ ಯಂತ್ರ ಆ ಗೊರಕೆ ಯಾರದೆಂದು ಗುರುತಿಸಿ ಹಾಜರಿ ಹಾಕಿತು. ಒಂದೊಂದೇ ದಿಂಬಿನ ಮೇಲೆ ಹಸಿರು ದೀಪ ಹತ್ತುತ್ತ ಬಂದು, ಪಾಠ ಶುರುವಾಯಿತು.

ಮೂಲೆಯ ಮಂಚದ ದಿಂಬಿನಲ್ಲಿ ಮಾತ್ರ ಕೆಂಪು ದೀಪ ಉರಿಯುತ್ತಿತ್ತು. ಅದರ ಮೇಲೆ ತಲೆಯಿಟ್ಟಿದ್ದ ನೀಲಗಂಗಾ ಕೆರೂರ ಕಣ್ಣು ಬಿಟ್ಟುಕೊಂಡು ಫ್ಯಾನಿನ ರೆಕ್ಕೆ ನೋಡುತ್ತಿದ್ದಳು.

ಈ ಬೋಧದಿಂಬನ್ನು ಕಂಡುಹಿಡಿದವರು ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಾ. ಅನಂತಶಯನ. ಹೆಸರಿಗೂ ಸಂಶೋಧನೆಗೂ ಏನೂ ಸಂಬಂಧವಿಲ್ಲ ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ದಿಂಬಿನ ತತ್ತ್ವ ಸರಳವಾದದ್ದು. ಗಾಢನಿದ್ರೆಯಲ್ಲಿ ಮಿದುಳು ಹಗಲಿನ ನೆನಪುಗಳನ್ನು ವಿಂಗಡಿಸಿ ಎತ್ತಿಡುತ್ತದೆ. ಆಗ ದಿಂಬಿನೊಳಗಿನ ಸ್ಪಂದಕವು ಕಿವಿಯ ಹಿಂದಿನ ಎಲುಬಿನ ಮೂಲಕ ಪಾಠವನ್ನು ಮೆಲ್ಲಗೆ ಒಳಗೆ ಕಳಿಸುತ್ತದೆ. ಮಿದುಳು ಇದೂ ತನ್ನದೇ ಸರಕೆಂದು ತಿಳಿದು ಎತ್ತಿಟ್ಟುಕೊಳ್ಳುತ್ತದೆ. ಓದಬೇಕಾಗಿಲ್ಲ, ಬರೆಯಬೇಕಾಗಿಲ್ಲ, ಉರು ಹೊಡೆಯಬೇಕಾಗಿಲ್ಲ.

ಒಂದೇ ಒಂದು ತೊಂದರೆ ಇತ್ತು. ನಿದ್ದೆಯಲ್ಲಿ ಕಲಿತದ್ದು ನಿದ್ದೆಯಲ್ಲಿ ಮಾತ್ರ ನೆನಪಾಗುತ್ತಿತ್ತು. ಅನಂತಶಯನರು ಇದಕ್ಕೆ ನಿದ್ರಾಬದ್ಧ ಸ್ಮೃತಿ ಎಂದು ಹೆಸರಿಟ್ಟು ಅದರ ಮೇಲೂ ಒಂದು ಪ್ರಬಂಧ ಪ್ರಕಟಿಸಿದರು. ಚಿನ್ನದ ಪದಕ ಪಡೆದ ಹುಡುಗ ಎದ್ದು ಕೂತಾಗ ಅಡುಗೆ ಉಪ್ಪಿನಲ್ಲಿ ಏನೇನಿದೆ ಎಂದರೆ ಉಪ್ಪು ಎನ್ನುತ್ತಿದ್ದ. ಮಲಗಿಸಿ ಕೇಳಿದರೆ ಹರಳಿನ ರಚನೆಯವರೆಗೂ ಒದರುತ್ತಿದ್ದ. ಬುದ್ಧಿ ಇದ್ದವರು ಇಷ್ಟರಲ್ಲೇ ದಿಂಬನ್ನು ಕೈಬಿಡುತ್ತಿದ್ದರು. ಆದರೆ ವಿಶ್ವವಿದ್ಯಾಲಯ ಆಗಲೇ ಎಲ್ಲ ಕಾಲೇಜುಗಳಿಗೂ ದಿಂಬು ಖರೀದಿಸಿಬಿಟ್ಟಿತ್ತು. ಹಾಗಾಗಿ ಅದು ಪರೀಕ್ಷೆಯನ್ನು ಕೈಬಿಟ್ಟು, ಅದರ ಬದಲು ಕನವರಿಕೆ ಪರೀಕ್ಷೆಯನ್ನು ಜಾರಿಗೆ ತಂದಿತು. ವಿದ್ಯಾರ್ಥಿ ಮಲಗುತ್ತಾನೆ. ದಿಂಬು ಪ್ರಶ್ನೆ ಕೇಳುತ್ತದೆ. ಅವನು ಕನವರಿಸಿದ್ದನ್ನು ಯಂತ್ರ ಧ್ವನಿಮುದ್ರಿಸಿಕೊಳ್ಳುತ್ತದೆ. ಅದೇ ಉತ್ತರಪತ್ರಿಕೆ. ನಕಲು ಮಾಡುವ ಪ್ರಶ್ನೆಯೇ ಇರಲಿಲ್ಲ. ಇದ್ದದ್ದು ಒಂದೇ ಅಪರಾಧ, ಪರೀಕ್ಷೆಯಲ್ಲಿ ಎಚ್ಚರವಾಗಿರುವುದು. ಅದನ್ನು ಹಿಡಿಯಲು ಎಚ್ಚರ ಪತ್ತೆ ದಳವೊಂದು ನವಿಲುಗರಿ ಹಿಡಿದು ಕೋಣೆಯಿಂದ ಕೋಣೆಗೆ ತಿರುಗುತ್ತ, ಅನುಮಾನ ಬಂದವರ ಅಂಗಾಲಿಗೆ ಕಚಗುಳಿ ಇಡುತ್ತಿತ್ತು.

ನೀಲಗಂಗಾಳ ಕಷ್ಟವೆಂದರೆ ಕಿವಿಯ ಹಿಂದೆ ಯಾರೋ ಗುಂಯ್‌ಗುಡುತ್ತಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ಹಾಸ್ಟೆಲಿನ ಲೈಬ್ರರಿಯಲ್ಲಿ ಧೂಳು ಹಿಡಿದಿದ್ದ ಹಳೆಯ ಪುಸ್ತಕಗಳನ್ನು ಕಣ್ಣು ತೆರೆದುಕೊಂಡು ಓದಿದಳು. ಅರ್ಥವಾಗದ್ದನ್ನು ಮತ್ತೆ ಓದಿದಳು. ಕೊನೆಗೆ ಇಡೀ ವಿಭಾಗದಲ್ಲಿ ರಸಾಯನಶಾಸ್ತ್ರ ಬಲ್ಲವಳು ಅವಳೊಬ್ಬಳೇ ಆದಳು, ಪರೀಕ್ಷೆಯಲ್ಲಿ ಫೇಲಾದವಳೂ ಅವಳೊಬ್ಬಳೇ ಆದಳು. ಹೋದ ಸಲ ಹೇಗೋ ನಿದ್ದೆ ಹತ್ತಿತ್ತು. ಆದರೆ ನಿದ್ದೆಯಲ್ಲಿ ಅವಳು ಪರೀಕ್ಷೆ ಮುಗಿಯುವವರೆಗೂ ಮೆಸ್ಸಿನ ಮ್ಯಾನೇಜರನಿಗೆ, ಈ ಸಾರಿನಾಗ ಬ್ಯಾಳಿ ಎಲ್ಲೈತಿ ತೋರಸು, ಎಂದು ಬೈದಿದ್ದಳು. ಮೌಲ್ಯಮಾಪಕರು ಅದನ್ನು ತೆಳುದ್ರಾವಣಗಳ ಬಗೆಗಿನ ಉತ್ತರವೆಂದು ಉದಾರವಾಗಿ ಪರಿಗಣಿಸಿ ಎಂಬತ್ತಕ್ಕೆ ಎರಡು ಅಂಕ ಕೊಟ್ಟಿದ್ದರು.

ಈ ಸಲ ಪಾಸಾಗಲೇಬೇಕಿತ್ತು. ಜಿಲ್ಲೆಯ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದು ಅವಳನ್ನು ಸಹಾಯಕಿಯಾಗಿ ಆರಿಸಿಕೊಂಡಿತ್ತು. ಸಂದರ್ಶನಕ್ಕೆ ಬಂದವರಲ್ಲಿ ಮಂಚ ಕೇಳದೆ ಕುರ್ಚಿಯಲ್ಲಿ ಕೂತು ಉತ್ತರ ಹೇಳಿದವಳು ಅವಳೊಬ್ಬಳೇ ಎಂದು ಅಲ್ಲಿಯ ಅಧಿಕಾರಿಗೆ ಬಹಳ ಖುಷಿಯಾಗಿತ್ತು. ಆದರೆ ಡಿಗ್ರಿ ಬೇಕು, ಅದೂ ಈ ವರ್ಷವೇ ಬೇಕು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು.

ನೀಲಗಂಗಾ ಸೀದಾ ಅನಂತಶಯನರ ಕೋಣೆಗೆ ಹೋದಳು. ಅವರು ಮೈಸೂರು ಕಡೆಯವರು. ಇಪ್ಪತ್ತು ವರ್ಷ ಈ ಭಾಗದಲ್ಲಿದ್ದು ಅವರು ಕಲಿತದ್ದು ಇಲ್ಲಿಯ ಒಂದೇ ಮಾತು. ಬಾಗಿಲಲ್ಲಿ ಯಾರೇ ಕಾಣಿಸಿಕೊಂಡರೂ, ತಲೆ ಎತ್ತದೆ, "ಕೂಡ್ರಿ" ಎನ್ನುತ್ತಿದ್ದರು. ಹಾಗೇ ಅಂದರು. ಅವಳು ಕೂತಳು.

"ಸರ, ನನಗ ಎಚ್ಚರಿದ್ದಾಗ ಎಲ್ಲಾ ಬರ್ತೈತ್ರಿ. ಬೇಕಾದ್ದು ಕೇಳ್ರಿ, ಹೇಳ್ತೀನಿ."

"ಕೇಳಬಹುದಮ್ಮ. ನೀನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗಬೇಕಲ್ಲ? ನಾನೂ ಈಗ ದಿಂಬಿನ ಮೇಲೇ ಓದೋದು."

"ಮೊದಲ ಓದಿದ್ದು ಇರತೈತಲ್ರಿ?"

"ದಿಂಬು ಹೊಸದನ್ನ ಒಳಗೆ ಇಡೋವಾಗ ಹಳೇದನ್ನೂ ಒಟ್ಟಿಗೆ ಸೇರಿಸಿ ಬೀಗ ಹಾಕಿಬಿಡುತ್ತೆ. ಅದು ಆಮೇಲೆ ಗೊತ್ತಾಯ್ತು." ಅವರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ನಿನಗೆ ಬರುತ್ತೆ ಅಂತೀಯ. ಅದನ್ನ ನಿದ್ದೇಲಿ ಬರೋ ಹಾಗೆ ಮಾಡ್ಕೋ. ಮುಗೀತು."

"ಹೆಂಗ ಮಾಡ್ಕೋಬೇಕ್ರಿ?"

"ಅದು ಗೊತ್ತಿದ್ದಿದ್ರೆ ಇನ್ನೊಂದು ಪೇಟೆಂಟ್ ತಗೋತಿರಲಿಲ್ವೇ?"

ದಾರಿ ತೋರಿಸಿದವಳು ಅವಳ ಸಹಪಾಠಿಯೂ ಆದ ರೂಮ್‌ಮೇಟ್ ಶಾಹೀನ ನದಾಫ. ಶಾಹೀನಳ ಮನೆತನದವರು ತಲೆತಲಾಂತರದಿಂದ ಗಾದಿ, ದಿಂಬು ತುಂಬುವವರು. ತನ್ನ ಅಜ್ಜ ತುಂಬಿದ ಯಾವ ದಿಂಬೂ ಯಾರಿಗೂ ಒಂದಕ್ಷರ ಕಲಿಸಿದ್ದಿಲ್ಲ, ಅದಕ್ಕೇ ಅವು ಇವತ್ತಿಗೂ ಚೆನ್ನಾಗಿವೆ ಎಂಬುದು ಅವಳ ಅಭಿಪ್ರಾಯ. ನೀಲಗಂಗಾ ಅನಂತಶಯನರು ಹೇಳಿದ್ದನ್ನೆಲ್ಲ ವಿವರಿಸಿದಾಗ ಅವಳು ಅರ್ಧದಲ್ಲೇ ತಡೆದಳು. "ಮಕ್ಕೋಬ್ಯಾಡ. ಮಕ್ಕೊಂಡಂಗ ಮಾಡು. ಅದಕ್ಕೇನು ಪೇಟೆಂಟ ಬೇಕಾಗೂದಿಲ್ಲ."

ಅಂದಿನಿಂದ ತಾಲೀಮು ನಡೆಯಿತು. ನೀಲಗಂಗಾಳ ಮೊದಲ ಗೊರಕೆ ಕಿಕ್ ಹೊಡೆದರೂ ಶುರುವಾಗದ ಸ್ಕೂಟರಿನ ಹಾಗಿತ್ತು. ಅದನ್ನು ತಿದ್ದಲು ಒಂದು ವಾರ ಹಿಡಿಯಿತು. ನಡುನಡುವೆ ಬಾಯಿ ಚಪ್ಪರಿಸುವುದು, ಮಗ್ಗುಲಾಗುವುದು, ಜೊಲ್ಲು ಸುರಿಸುವುದು, ಎಲ್ಲವನ್ನೂ ಶಾಹೀನ ಹೇಳಿಕೊಟ್ಟಳು. ಆದರೆ ಉತ್ತರ ಹೇಳುವ ರೀತಿ ಮಾತ್ರ ಕೊನೆಯವರೆಗೂ ಸರಿ ಹೋಗಲಿಲ್ಲ. ನೀ ಭಾಳ ಸ್ಪಷ್ಟ ಮಾತಾಡ್ತಿ, ಮಕ್ಕೊಂಡವರಿಗೆ ಅಷ್ಟು ಖಾತ್ರಿ ಇರೂದಿಲ್ಲ, ಎಂದು ಶಾಹೀನ ಗೊಣಗುತ್ತಲೇ ಇದ್ದಳು.

ಪರೀಕ್ಷೆಯ ದಿನ ಎಲ್ಲ ಚೆನ್ನಾಗಿಯೇ ಶುರುವಾಯಿತು. ಮೊದಲೆರಡು ಪ್ರಶ್ನೆಗಳಿಗೆ ನೀಲಗಂಗಾ ತೊದಲುತ್ತ, ಗೊರಕೆ ಬೆರೆಸುತ್ತ ಉತ್ತರ ಹೇಳಿದಳು. ಎಚ್ಚರ ಪತ್ತೆ ದಳದ ಮುಖ್ಯಸ್ಥ ಬೀಳಗಿ ಸರ್ ಅವಳ ಮಂಚದ ಹತ್ತಿರ ನಿಂತು ಅಂಗಾಲಿಗೆ ನವಿಲುಗರಿ ಆಡಿಸಿದರು. ಅವಳು ಹಲ್ಲು ಕಚ್ಚಿ, ನಿದ್ದೆಗಣ್ಣಿನವಳ ಹಾಗೆ ಕಾಲು ಝಾಡಿಸಿದಳು. ಗರಿ ಅವರ ಮೂಗಿಗೆ ಹೋಗಿ ಬಡಿಯಿತು. ಅವರು ಸೀನಿ, ತೃಪ್ತಿಯಿಂದ ಮುಂದೆ ಹೋದರು.

ಮೂರನೆಯದು ಮುಕ್ತಶಕ್ತಿಯ ಪ್ರಶ್ನೆ. ಯಾವ ಕ್ರಿಯೆ ತಾನಾಗಿಯೇ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಹೇಳುವ ಸೂತ್ರ ಅದು. ಡೆಲ್ಟಾ ಜಿ ಎಂದರೆ ಡೆಲ್ಟಾ ಎಚ್‌ನಿಂದ ಟಿ ಡೆಲ್ಟಾ ಎಸ್ ಕಳೆದರೆ ಉಳಿಯುವುದು. ಎಚ್ ಶಾಖದ್ದು, ಎಸ್ ಅಸ್ತವ್ಯಸ್ತತೆಯದು, ಉಳಿದದ್ದು ಸೊನ್ನೆಗಿಂತ ಕೆಳಗಿದ್ದರೆ ಕ್ರಿಯೆ ತಾನಾಗಿಯೇ ನಡೆಯುತ್ತದೆ. ಅವಳಿಗೆ ಬಹಳ ಇಷ್ಟವಾದ ಸೂತ್ರ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮಂಚದಿಂದ ಕನವರಿಕೆ ಕೇಳಿಸಿತು.

"ಡೆಲ್ಟಾ ಎಚ್... ಕೂಡ್ರಿ... ಟಿ ಡೆಲ್ಟಾ ಎಸ್."

ನೀಲಗಂಗಾಳ ರೆಪ್ಪೆ ಅದುರಿತು. ಕೂಡುವುದಲ್ಲ, ಕಳೆಯುವುದು. ಯಾವನೋ ದಡ್ಡ ಎಂದುಕೊಂಡು ಸುಮ್ಮನಾದಳು. ಅದರಾಚೆಯ ಮಂಚದಿಂದಲೂ ಅದೇ ಬಂತು. ಹಿಂದಿನ ಸಾಲಿನಿಂದಲೂ ಬಂತು. ನೋಡನೋಡುತ್ತಿದ್ದಂತೆ ಇಡೀ ಕೋಣೆ ಭಜನಾ ಮಂಡಳಿಯಂತೆ ಕೂಡ್ರಿ, ಕೂಡ್ರಿ ಎನ್ನತೊಡಗಿತು. ಅವಳು ಕೈಗಳನ್ನು ಮುಷ್ಟಿ ಮಾಡಿಕೊಂಡಳು. ನೀರಿನ ಪ್ರಯೋಗಾಲಯವನ್ನು ನೆನೆಸಿಕೊಂಡಳು, ಡಿಗ್ರಿಯನ್ನು ನೆನೆಸಿಕೊಂಡಳು. ಅಷ್ಟರಲ್ಲಿ ಎಡಗಡೆಯಿಂದ, ಅತ್ಯಂತ ನೆಮ್ಮದಿಯ ದನಿಯಲ್ಲಿ, ಶಾಹೀನಳೂ ಕೂಡ್ರಿ ಅಂದಳು.

ನೀಲಗಂಗಾ ಧಡಕ್ಕನೆ ಎದ್ದು ಮಂಚದ ಮೇಲೆ ನಿಂತಳು.

"ಕೂಡ್ರಿ ಅಲ್ಲಲೇ, ಕಳೀರಿ! ಡೆಲ್ಟಾ ಜಿ ಅಂದ್ರ ಡೆಲ್ಟಾ ಎಚ್ ಒಳಗ ಟಿ ಡೆಲ್ಟಾ ಎಸ್ ಕಳದದ್ದು. ಬರ್ಫ ಕರಗಾಕ ಶಾಖಾನೂ ಬೇಕು, ಕರಗಿದ ಮ್ಯಾಲೆ ಅಸ್ತವ್ಯಸ್ತಾನೂ ಹೆಚ್ಚಾಗತೈತಿ. ಎರಡೂ ಕೂಡಿಸಿದ್ರ, ಕುದಿಯೋ ನೀರಾಗ ಹಾಕಿದ್ರೂ ಬರ್ಫ ಕರಗೂದಿಲ್ಲ. ತಲಿ ಐತೋ ಇಲ್ಲೋ ನಿಮಗ?"

ಎಲ್ಲರೂ ಬೆಚ್ಚಿಬಿದ್ದು ಎದ್ದು ಕೂತರು. ಬೀಳಗಿ ಸರ್ ಬಾಗಿಲಲ್ಲಿ ನಿಂತಿದ್ದರು. ಸೇವೆಯುದ್ದಕ್ಕೂ ಅವರು ಕಾಯುತ್ತಿದ್ದ ಗಳಿಗೆ ಅದು. ಇಂಥ ಘೋರವಾದ ಎಚ್ಚರವನ್ನು ತಾನು ಕಂಡದ್ದೇ ಇಲ್ಲವೆಂದು ಅವರು ವರದಿಯಲ್ಲಿ ಬರೆದರು.

ಮರುದಿನ ವಿಚಾರಣಾ ಸಮಿತಿ ಕೂತಿತು. ಕೂಡುವುದು ಸರಿಯೋ ಕಳೆಯುವುದು ಸರಿಯೋ ಎಂಬುದೇ ಮೊದಲ ಪ್ರಶ್ನೆಯಾಯಿತು, ಎಚ್ಚರವಾಗಿದ್ದ ಸಮಿತಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಸದಸ್ಯರು ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಮಲಗಿ ನೋಡಿದರು. ಅವರೂ ಕೂಡ್ರಿ ಎಂದೇ ಕನವರಿಸಿದರು. ಕೊನೆಗೆ ದಿಂಬಿನ ಪಾಠದ ಮೂಲ ಧ್ವನಿಮುದ್ರಿಕೆ ತರಿಸಿ ಹಾಕಿದರು. ಅನಂತಶಯನರ ದನಿ ಡೆಲ್ಟಾ ಎಚ್ ಎಂದಿತು. ಆಮೇಲೆ ಬಾಗಿಲು ಕಿರ್ರೆಂದ ಸದ್ದು. "ಓ, ಬನ್ನಿ ಬನ್ನಿ, ಕೂಡ್ರಿ." ಕುರ್ಚಿ ಎಳೆದ ಸದ್ದು. ಆಮೇಲೆ ಟಿ ಡೆಲ್ಟಾ ಎಸ್. ಪಾಠವನ್ನು ಶುದ್ಧಮಾಡುವ ಯಂತ್ರ ಬಾಗಿಲನ್ನೂ ಕುರ್ಚಿಯನ್ನೂ ಬನ್ನಿ ಬನ್ನಿಯನ್ನೂ ತೆಗೆದುಹಾಕಿ, ಕೂಡ್ರಿ ಎಂಬುದನ್ನು ಗಣಿತವೆಂದು ಉಳಿಸಿಕೊಂಡಿತ್ತು.

ಅನಂತಶಯನರು ಕಿಟಕಿಯಾಚೆ ನೋಡಿದರು. ಆದರೆ ನೀಲಗಂಗಾಳ ಮೇಲಿದ್ದ ಆರೋಪ ತಪ್ಪು ಉತ್ತರದ್ದಲ್ಲ, ಎಚ್ಚರದ್ದು. ಸರಿಯಾಗಿ ಹೇಳಿದ್ದರಿಂದ ಅವಳು ಎಚ್ಚರವಾಗಿದ್ದದ್ದು ಇನ್ನೂ ಖಚಿತವಾಯಿತು ಎಂದು ಬೀಳಗಿ ಸರ್ ವಾದಿಸಿದರು. ಪೇಪರನ್ನು ರದ್ದುಮಾಡುವುದೆಂದು ತೀರ್ಮಾನವಾಯಿತು. ನಿಯಮದಂತೆ ಒಬ್ಬ ಸಾಕ್ಷಿಯ ಹೇಳಿಕೆ ಬೇಕೆಂದು ಶಾಹೀನಳನ್ನು ಕರೆಸಿ, ಆಪಾದಿತೆ ಏನೆಂದು ಕಿರುಚಿದಳು ಎಂದು ಕೇಳಿದರು.

ಶಾಹೀನ ಹೇಳಿದಳು. ಸೂತ್ರ ಹೇಳಿದಳು, ಕಳೆಯುವ ಚಿಹ್ನೆ ಹೇಳಿದಳು, ಬರ್ಫ ಯಾಕೆ ಕರಗುತ್ತದೆ ಎಂದೂ ಹೇಳಿದಳು. ತಲೆ ಇದೆಯೋ ಇಲ್ಲವೋ ಎಂಬುದನ್ನೂ ಬಿಡದೆ ಸಮಿತಿಯ ಕಡೆ ಕೈ ಮಾಡಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ಕೋಣೆಯಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನೀನೀಗ ಎಚ್ಚರವಾಗಿದ್ದೀಯೇನಮ್ಮ?" ಎಂದರು ಅನಂತಶಯನರು.

"ಹೌದ್ರಿ ಸರ."

"ಮತ್ತೆ ಹೇಗೆ ನೆನಪಿದೆ?"

"ಅಕಿ ಹಂಗ ಒದರಿದ್ರ ಯಾರು ಮರೀತಾರ್ರಿ?"

ಉಳಿದವರನ್ನೂ ಒಬ್ಬೊಬ್ಬರಾಗಿ ಕರೆಸಿ ಕೇಳಿದರು. ಎಲ್ಲರಿಗೂ ನೆನಪಿತ್ತು, ಬೈಗುಳದ ಸಮೇತ. ಅನಂತಶಯನರು ಕುರ್ಚಿಯಿಂದ ಎದ್ದು ಓಡಾಡತೊಡಗಿದರು. ನಿದ್ದೆಯಿಂದ ಬೆಚ್ಚಿ ಏಳುವ ಆ ಒಂದು ಕ್ಷಣದಲ್ಲಿ ಮಿದುಳಿನ ಎರಡೂ ಬಾಗಿಲು ತೆರೆದಿರುತ್ತವೆ, ಆಗ ಒಳಹೊಕ್ಕದ್ದು ನಿದ್ದೆಯಲ್ಲೂ ಎಚ್ಚರದಲ್ಲೂ ಉಳಿಯುತ್ತದೆ ಎಂದು ಅವರು ಸಮಿತಿಗೆ ವಿವರಿಸಿದರು. ಸ್ಥಳದಲ್ಲೇ ಅದಕ್ಕೆ ಗದರುಸ್ಮೃತಿ ಎಂದು ಹೆಸರಿಟ್ಟರು. ಇನ್ನು ಮುಂದೆ ತೂಕಡಿಸುವ ವಿದ್ಯಾರ್ಥಿಗಳ ಎದುರು ವಿಷಯ ಬಲ್ಲವರೊಬ್ಬರು ನಿಂತು ಜೋರಾಗಿ ಗದರಿದರೆ ಸಾಕು, ಪ್ರಪಂಚದಲ್ಲೇ ಇಂಥ ವಿಧಾನವಿಲ್ಲ ಎಂದರು. ತಾವು ಓದುವಾಗ ಇಂಥದ್ದೊಂದು ಇತ್ತು, ಅದನ್ನು ಕ್ಲಾಸು ಎನ್ನುತ್ತಿದ್ದರು ಎಂದು ಬೀಳಗಿ ಸರ್ ಮೆಲ್ಲಗೆ ಹೇಳಿದ್ದನ್ನು ನಡಾವಳಿಯಲ್ಲಿ ಸೇರಿಸಲಿಲ್ಲ.

ವಿಷಯ ಬಲ್ಲವರು ಯಾರು ಎಂದು ಹುಡುಕಿದಾಗ ಒಬ್ಬಳೇ ಸಿಕ್ಕಳು. ಎಚ್ಚರದ ಅಪರಾಧಕ್ಕಾಗಿ ಅವಳ ಪೇಪರನ್ನು ರದ್ದುಮಾಡಿದ ಸಮಿತಿಯೇ ಅವಳನ್ನು ಹಂಗಾಮಿ ಗದರುಬೋಧಕಿಯಾಗಿ ನೇಮಿಸಿತು. ಪ್ರತಿಯಾಗಿ ಅವಳು ಕೇಳಿದ್ದು ಒಂದೇ, ಮರುಪರೀಕ್ಷೆ. ಕೊಟ್ಟರು, ಆದರೆ ಅದೂ ಕನವರಿಕೆಯದೇ. ಗದರುಸ್ಮೃತಿಗೆ ಹೊಂದುವ ನಿಯಮಾವಳಿ ಇನ್ನೂ ಸಿದ್ಧವಾಗಿರಲಿಲ್ಲ.

ಅಲ್ಲಿಂದ ಒಂದು ತಿಂಗಳು ನೀಲಗಂಗಾ ಕೋಣೆಯಿಂದ ಕೋಣೆಗೆ ಹೋಗಿ ಗದರಿದಳು. ಸಾಲು ಸಾಲು ಮಂಚಗಳ ನಡುವೆ ನಿಂತು ಇಡೀ ಉಷ್ಣಗತಿಶಾಸ್ತ್ರವನ್ನು ಒದರಿದಳು. ಗಂಟಲು ಕಟ್ಟಿತು. ಸಂಜೆ ಮೆಸ್ಸಿನಲ್ಲಿ ರೊಟ್ಟಿ ಮುರಿಯುತ್ತಲೇ ತೂಕಡಿಸಿದಳು. ಗೊರಕೆಯ ತಾಲೀಮು ಮಾಡೋಣವೆಂದು ಶಾಹೀನ ಬಂದಾಗ ಅವಳು ನಿಜವಾದ ಗೊರಕೆ ಹೊಡೆಯುತ್ತಿದ್ದಳು.

ಮರುಪರೀಕ್ಷೆಯಲ್ಲೂ ಅದೇ ಆಯಿತು. ಮಲಗಿದಂತೆ ನಟಿಸಬೇಕೆಂದುಕೊಂಡೇ ದಿಂಬಿಗೆ ತಲೆಯಿಟ್ಟಳು, ಮುಂದಿನದು ಗೊತ್ತಾಗಲಿಲ್ಲ. ಎಚ್ಚರವಾದಾಗ ಪರೀಕ್ಷೆ ಮುಗಿದಿತ್ತು. ಏನು ಮಾತಾಡಿದೆನೋ, ಯಾರಿಗೆ ಬೈದೆನೋ ಎಂದು ಫಲಿತಾಂಶ ಬರುವವರೆಗೂ ಅವಳಿಗೆ ಅನ್ನ ಸೇರಲಿಲ್ಲ.

ಎಂಬತ್ತಕ್ಕೆ ಎಂಬತ್ತು ಬಂದಿತ್ತು. ತಿಂಗಳಿಡೀ ಕಲಿಸಿದ್ದನ್ನು ಅವಳು ನಿದ್ದೆಯಲ್ಲೂ ಕಲಿಸುತ್ತ ಹೋಗಿದ್ದಳು. ನಂಬಿಕೆಯಾಗದೆ ಅರ್ಜಿ ಹಾಕಿ ಉತ್ತರದ ಧ್ವನಿಮುದ್ರಿಕೆ ತರಿಸಿ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕಿವಿಗಿಟ್ಟುಕೊಂಡಳು. ಒಂದೊಂದು ಉತ್ತರವೂ ಅಚ್ಚುಕಟ್ಟಾಗಿತ್ತು. ಕೊನೆಯದರಲ್ಲಿ ಮಾತ್ರ ಅವಳ ದನಿ, ಒಂದಿಷ್ಟೂ ಅನುಮಾನವಿಲ್ಲದೆ, ಹುಳಿ ಹೆಚ್ಚಾದಷ್ಟೂ ಪಿಎಚ್ ಏರುತ್ತ ಹೋಗುತ್ತದೆ ಎಂದು ಗದರುತ್ತಿತ್ತು. ಅದು ಪೂರಾ ಉಲ್ಟಾ. ಮೌಲ್ಯಮಾಪಕರು ಅದಕ್ಕೂ ಪೂರ್ಣ ಅಂಕ ಕೊಟ್ಟಿದ್ದರು. ನೀಲಗಂಗಾ ಇನ್ನೊಮ್ಮೆ ಕೇಳಿದಳು. ತಪ್ಪು ತಿದ್ದಿ ಗದರಲು ಅವಳ ಬಾಯಿ ತಾನಾಗಿಯೇ ತೆರೆಯಿತು.

"ಎಲ್ಲಾ ಸರಿ ಐತೇನು?" ಎಂದಳು ಪಕ್ಕದಲ್ಲಿ ಕೂತಿದ್ದ ಶಾಹೀನ.

ನೀಲಗಂಗಾ ತೆರೆದ ಬಾಯಿ ಮುಚ್ಚಿಕೊಂಡು ಪರೀಕ್ಷಾ ವಿಭಾಗದ ಕಟ್ಟಡದ ಕಡೆ ನೋಡಿದಳು. "ಮಕ್ಕೊಂಡಾಕಿ ಹೇಳಿದ್ದಕ್ಕ ಎಚ್ಚರಿದ್ದಾಕಿ ಯಾಕ ಜವಾಬ್ದಾರಿ ಆಗಬೇಕು?"

ಶಾಹೀನಳಿಗೆ ಅರ್ಥವಾಗಲಿಲ್ಲ. ನೀಲಗಂಗಾ ಅರ್ಥ ಹೇಳಲೂ ಇಲ್ಲ. ಡಿಗ್ರಿ ಸರ್ಟಿಫಿಕೇಟು ಕೈಗೆ ಬರುವವರೆಗೆ ಅವಳು ಯಾರ ಜೊತೆಗೂ ರಸಾಯನಶಾಸ್ತ್ರದ ಮಾತೆತ್ತಲಿಲ್ಲ.