ಗೋಡೆ ನೋಡುವ ದೊರೆ

“ಆ ದೊರೆ ಪಟ ತಿರುಗಿಸ್ಬೇಡಿ ಸ್ವಾಮಿ,” ಎಂದಳು ಮುನಿಗಂಗಮ್ಮ.

ರೇಷ್ಮೆ ಇನ್‌ಸ್ಪೆಕ್ಟರ್ ಚಲಪತಿಗೆ ನಗು ಬಂತು. “ಯಾಕಮ್ಮ, ದೊರೆ ಲೆಕ್ಕ ತಪ್ಪು ಮಾಡಿದ್ನಾ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀರಿ?”

“ಹುಳಕ್ಕೆ ಬಿದ್ದ ಕೆಟ್ಟ ಕಣ್ಣನ್ನೆಲ್ಲ ನಮ್ಮ ತಾತ ಮಂತ್ರ ಹಾಕಿ ಇವನ ಕಣ್ಣಲ್ಲಿ ಕಟ್ಟವ್ನೆ. ಇವನ್ಗೆ ಈ ಊರಲ್ಲಿ ಹೆಂಡ್ರು ಮಕ್ಕಳು ಇಲ್ವಲ್ಲ, ಅದಕ್ಕೆ. ಇವನ ಕಣ್ಣಿಗೆ ಕಣ್ಣು ಕೊಟ್ಟೋರಿಗೆ ಅದು ಇಳೀತದೆ.”

ಶಿಡ್ಲಘಟ್ಟದ ಹೊರಗಿನ ಆ ಹಳೇ ಬಂಗಲೆಯ ಮುಂದಿನ ಕೋಣೆ ಇನ್‌ಸ್ಪೆಕ್ಟರಿಗೆ; ಹಿಂದಿನ ಹಜಾರ ಮುನಿಗಂಗಮ್ಮನ ಹುಳುಮನೆ. ೧೯೫೮ರ ಶ್ರಾವಣ. ಚಲಪತಿ ಮೈಸೂರಿನಲ್ಲಿ ಓದಿದವನು; ಭಯ ಪಠ್ಯದಲ್ಲಿರಲಿಲ್ಲವಾದ್ದರಿಂದ ಕಲಿತಿರಲಿಲ್ಲ. ಮಾರನೆಯ ದಿನ ಹೆಂಡತಿ ಮೂರು ತಿಂಗಳ ಮಗಳೊಡನೆ ಬರುವವಳಿದ್ದಳು.

ಮುನಿಗಂಗಮ್ಮ ಸೊಪ್ಪಿಗೆ ಹೋದದ್ದೇ ತಡ, ಅವನು ಹಜಾರ ಹೊಕ್ಕ. ಕಿಟಕಿಗಳಿಗೆಲ್ಲ ಒದ್ದೆ ಗೋಣಿ. ಹಗಲಲ್ಲೇ ಕತ್ತಲು. ಹಿಪ್ಪುನೇರಳೆಯ ಹಸಿ ವಾಸನೆ. ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ತಟ್ಟೆಗಳ ತುಂಬ ಸೊಪ್ಪು ಮೇಯುವ ಸದ್ದು, ತುಂತುರು ಮಳೆಯಂತೆ.

ಪಟ ತಿರುಗಿಸಿದ.

ಕಪ್ಪು ಹಿನ್ನೆಲೆಯಿಂದ ಇಂಗ್ಲೆಂಡಿನ ಯಾವನೋ ಪ್ರಭು ಈಚೆ ಬಂದ: ಭುಜದವರೆಗೆ ಸುರುಳಿ ಸುರುಳಿ ಕೃತಕ ಕೂದಲು, ಕೊರಳಲ್ಲಿ ಜಾಲರಿ ಬಟ್ಟೆ, ಸೊಂಟದ ಮೇಲೆ ಬಿಳಿ ಕೈ. ಮೈಯೆಲ್ಲ ಕತ್ತಲೆ, ಬೆಳಕು ಮುಖದ ಮೇಲೆ ಮಾತ್ರ. ಕಣ್ಣುಗಳು ಒದ್ದೆಯಾಗಿದ್ದವು. ಚಲಪತಿ ದಿಟ್ಟಿಸಿದ. ದೊರೆಯ ಕಣ್ಣಿಂದ ಅವನ ಕಣ್ಣಿನೊಳಗೆ ಏನೋ ತಣ್ಣಗೆ ಜಾರಿತು.

ಮಳೆ ನಿಂತಿತು.

ಮಳೆಯಲ್ಲ. ಹುಳುಗಳು. ತಿರುಗಿ ನೋಡಿದ. ಅವನು ನೋಡಿದ ತಟ್ಟೆ ಕಪ್ಪಾಯಿತು. ಇನ್ನೊಂದು. ಮತ್ತೊಂದು. ಕೊಳೆತ ನಾತ. ಪಟವನ್ನು ಗೋಡೆಗೆ ತಿರುಗಿಸಿ ಓಡಿದ.

ಸಂಜೆ ಮುನಿಗಂಗಮ್ಮ ಬಾಗಿಲಲ್ಲಿ ಕುಸಿದು ಕೇಳಿದಳು: “ತಿರುಗಿಸಿದ್ರಾ ಸ್ವಾಮಿ?”

“ಇಲ್ಲಮ್ಮ,” ಎಂದ ಚಲಪತಿ, ಅವಳ ಕೈಬೆರಳು ನೋಡುತ್ತ. “ಒದ್ದೆ ಸೊಪ್ಪು ಹಾಕಿದ್ದೀಯ. ರೋಗ ಬಂದಿದೆ.”

ಅವಳು ನಂಬಿದಳು. ಅದೇ ಕೆಟ್ಟದ್ದು. “ನನ್ನ ಕೈಯಾರೆ ಕೊಂದೆನಲ್ಲಪ್ಪಾ,” ಎಂದು ಹಣೆ ಚಚ್ಚಿಕೊಂಡಳು. ಅವಳ ಬೆರಳುಗಳು ಸುಕ್ಕುಗಟ್ಟಿ ನೀಲಿಯಾಗುತ್ತಿದ್ದವು, ಅವನು ನೋಡುತ್ತಿದ್ದಷ್ಟೂ. ಥಟ್ಟನೆ ಕಣ್ಣು ಮುಚ್ಚಿದ.

ಬೆಳಗ್ಗೆ ಕಣ್ಣು ಮುಚ್ಚಿಕೊಂಡೇ ತಡವರಿಸುತ್ತ ಹಜಾರಕ್ಕೆ ಹೋದ. ಪಟ ತಿರುಗಿಸಿ, ಇಳಿದದ್ದನ್ನು ದೊರೆಗೇ ಬಿಟ್ಟುಕೊಡಲು ಮತ್ತೆ ಕಣ್ಣು ತೆರೆದ. ದೊರೆಯ ಕಣ್ಣು ಬರಿದಾಗಿತ್ತು. ಒಣಗಿದ ಬಣ್ಣ. ತುಟಿಯಲ್ಲಿ ಬಿಡುಗಡೆಯಾದವನ ನಗೆ.

ಹೊರಗೆ ಜಟಕಾದ ಗೆಜ್ಜೆ. ಹೆಜ್ಜೆ. ಹೆಂಡತಿಯ ದನಿ. ಹತ್ತಿರ. ಇನ್ನೂ ಹತ್ತಿರ.

ಚಲಪತಿ ಓಡಿ ಮೂಲೆ ಸೇರಿದ. ಸುಣ್ಣದ ಗೋಡೆಗೆ ಹಣೆ ಒತ್ತಿದ.

“ಮುನಿಗಂಗಮ್ಮಾ!” ಎಂದು ಕೂಗಿದ. “ನೀನಲ್ಲಮ್ಮ, ನಾನು! ನಾನೇ ತಿರುಗಿಸಿದ್ದು!”

ಅವಳು ಬಾಗಿಲಿಗೆ ಬಂದಳು. ಅವನ ಬೆನ್ನನ್ನು ನೋಡಿದಳು. ಬಟ್ಟೆ ಸುತ್ತಿದ ಬೆರಳುಗಳಿಂದ ಮಗುವನ್ನೆತ್ತಿ ಬಂದ ಅವನ ಹೆಂಡತಿಯನ್ನು ಹೊಸ್ತಿಲಲ್ಲೇ ತಡೆದಳು.

“ಇದೇನ್ರೀ, ಹೀಗೆ ನಿಂತಿದ್ದೀರಿ?” ಹೆಂಡತಿ ನಕ್ಕಳು. “ತಿರುಗ್ರೀ ಈ ಕಡೆ. ನಿಮ್ಮ ಮಗಳು ಈಗ ನಗೋದು ಕಲ್ತಿದ್ದಾಳೆ.”

ಬೆನ್ನ ಹಿಂದೆ ಮಗು ಕಿಲಕಿಲ ಎಂದಿತು.

ಚಲಪತಿ ಗೋಡೆ ನೋಡುತ್ತಲೇ ನಿಂತ.